ಯುಕ್ಕಾ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ: ದೋಷ ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ಗಿಡ ಗಟ್ಟಿಮುಟ್ಟಾಗಿದೆ. ಕತ್ತಿಯಂಥ ಎಲೆಗಳ ನಡುವಿನಿಂದ ಆಳೆತ್ತರದ ದಂಟು ಎದ್ದಿದೆ. ದಂಟಿನ ತುಂಬ ಬಿಳಿ ಗಂಟೆಗಳ ಹಾಗೆ ಹೂವು ತೂಗುತ್ತಿವೆ. ಕೆಲವು ವಾರ ಕಣ್ಣಿಗೆ ಹಬ್ಬ. ಆಮೇಲೆ ಒಂದೊಂದಾಗಿ ಎಲ್ಲ ಉದುರುತ್ತವೆ. ಕೊನೆಗೆ ಉಳಿಯುವುದು ಒಂದು ಒಣ ಕೋಲು. ಹೀಚಿಲ್ಲ, ಕಾಯಿಲ್ಲ, ಬೀಜವಂತೂ ಇಲ್ಲವೇ ಇಲ್ಲ.

ನನ್ನ ಗಿಡ ನನ್ನನ್ನು ನಾಲ್ಕು ವರ್ಷ ಹೀಗೆ ಆಟ ಆಡಿಸಿತು. ಮೊದಲ ವರ್ಷ ನೀರು ಕಮ್ಮಿಯಾಯಿತು ಅಂದುಕೊಂಡೆ. ಎರಡನೇ ವರ್ಷ ನೀರು ಜಾಸ್ತಿಯಾಯಿತು ಅಂದುಕೊಂಡೆ. ಮೂರನೇ ವರ್ಷ ಪೊಟ್ಯಾಷ್ ಸುರಿದೆ. ಎಲೆಗಳು ಇನ್ನಷ್ಟು ಸೊಕ್ಕಿದವು, ಕಾಯಿ ಮಾತ್ರ ಕಾಣಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಗಿಡದಲ್ಲಿ ಏನೂ ಕೆಟ್ಟಿರಲಿಲ್ಲ. ಅದರ ಜೊತೆಗೆ ಇರಬೇಕಾಗಿದ್ದ ಒಂದು ಪುಟ್ಟ ಬಿಳಿ ಪತಂಗ ಅಲ್ಲಿರಲಿಲ್ಲ.

ಹಾಗಂತ ಎಲ್ಲರ ಕಥೆಯೂ ಇದೇ ಅಲ್ಲ. ಪತಂಗ ಇದ್ದೂ ಕಾಯಿ ಕಟ್ಟದ ಗಿಡಗಳಿವೆ. ಕಾಯಿ ಕಟ್ಟಿ ಅದರಲ್ಲಿ ಹುಳ ಸಿಕ್ಕಿತೆಂದು ಗಾಬರಿಯಾದವರೂ ಇದ್ದಾರೆ. ಆದ್ದರಿಂದ ಗೊಬ್ಬರದ ಚೀಲಕ್ಕೆ ಕೈ ಹಾಕುವ ಮುಂಚೆ ಒಂದು ರಾತ್ರಿ ಹೂವಿನ ಮುಂದೆ ಕೂರಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೂವು ಕೆಲಸ ಮಾಡುವ ರೀತಿ

ಯುಕ್ಕಾ ನೋಡುವುದಕ್ಕೆ ಕತ್ತಾಳೆಯ ತಮ್ಮನ ಹಾಗಿದೆ. ನಿಜವಾಗಿಯೂ ಎರಡೂ ಒಂದೇ ಕುಟುಂಬದವು. ತವರು ಅಮೆರಿಕ ಖಂಡ: ಉತ್ತರಕ್ಕೆ ಕೆನಡಾದ ಅಲ್ಬರ್ಟಾದ ದಕ್ಷಿಣ ಅಂಚಿನಿಂದ ಹಿಡಿದು ಕೆಳಗೆ ಮಧ್ಯ ಅಮೆರಿಕದವರೆಗೆ. ತೋಟಗಳಲ್ಲಿ ಜಾಸ್ತಿ ಕಾಣುವುದು ಯುಕ್ಕಾ ಫಿಲಮೆಂಟೋಸಾ, ಅಂದರೆ ಎಲೆಯ ಅಂಚಿನಿಂದ ಬಿಳಿ ದಾರ ಬಿಚ್ಚಿಕೊಂಡಿರುತ್ತದಲ್ಲ, ಅದು. ಇಲ್ಲಿ ಹೇಳುವುದು ಮುಖ್ಯವಾಗಿ ಅದರ ಬಗ್ಗೆ. ಬೇರೆ ಜಾತಿಗಳ ವಿಚಾರ ಮುಂದೆ ಬರುತ್ತದೆ.

ಒಂದು ಹೂವನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಆರು ಎಸಳು. ಮಧ್ಯದಲ್ಲಿ ದಪ್ಪನೆಯ ಹಸಿರು ಬಿಳಿ ಕಂಬ, ಅದೇ ಅಂಡಾಶಯ. ಕಂಬದ ತುದಿಯಲ್ಲಿ ಮೂರು ಏಣು, ಅವುಗಳ ನಡುವೆ ಒಂದು ಸಣ್ಣ ಗುಳಿ. ಪರಾಗ ಸೇರಬೇಕಾದದ್ದು ಆ ಗುಳಿಯ ಒಳಕ್ಕೆ. ಹೊರಗೆ ಎಲ್ಲಿ ಅಂಟಿದರೂ ಉಪಯೋಗವಿಲ್ಲ.

ಈಗ ಕೇಸರಗಳನ್ನು ನೋಡಿ. ಆರು ದಪ್ಪ ಕೇಸರಗಳು ಕಂಬಕ್ಕೆ ಬೆನ್ನು ಹಾಕಿ ಹೊರಕ್ಕೆ ಬಾಗಿವೆ. ಕಂಬಕ್ಕಿಂತ ಗಿಡ್ಡ ಬೇರೆ. ಹೂವು ತಲೆಕೆಳಗಾಗಿ ತೂಗುವುದರಿಂದ ಗುಳಿ ಎಲ್ಲಕ್ಕಿಂತ ಕೆಳಗಿರುತ್ತದೆ, ಬಾಯಿ ನೆಲದ ಕಡೆಗೆ. ಪರಾಗ ಪುಡಿಪುಡಿಯಾಗಿಲ್ಲ, ಅಂಟಂಟಾಗಿದೆ, ಗಾಳಿಗೆ ಹಾರುವುದಿಲ್ಲ. ಉದುರಿದರೂ ನೆಲಕ್ಕೆ ಉದುರುತ್ತದೆಯೇ ಹೊರತು ಮೇಲ್ಮುಖವಾಗಿ ಗುಳಿಯೊಳಗೆ ಹತ್ತುವುದಿಲ್ಲ. ಯಾರಾದರೂ ಪರಾಗವನ್ನು ಎತ್ತಿ, ಹೊತ್ತು ತಂದು, ಕೆಳಗಿನಿಂದ ಒಳಕ್ಕೆ ತುರುಕಬೇಕು. ಜೇನುಹುಳು ಬರುತ್ತದೆ, ಪರಾಗ ಮೆತ್ತಿಕೊಂಡು ಹೋಗುತ್ತದೆ. ಆ ಗುಳಿಯ ಕಡೆ ತಿರುಗಿಯೂ ನೋಡುವುದಿಲ್ಲ.

ತುರುಕುವವಳು ಒಬ್ಬಳೇ. ಹೆಣ್ಣು ಯುಕ್ಕಾ ಪತಂಗ, ಟೆಜೆಟಿಕ್ಯುಲಾ ಯುಕ್ಕಾಸೆಲ್ಲಾ. ಒಂದು ಸೆಂಟಿಮೀಟರ್ ಆಸುಪಾಸಿನ ಜೀವ. ರೆಕ್ಕೆ ಬೆಳ್ಳಗೆ, ಹೂವಿನ ಎಸಳಿನದೇ ಬಣ್ಣ.

ಇವಳು ಕೆಲಸ ಮಾಡುವುದನ್ನು ಒಮ್ಮೆ ಈ ಗಿಡದ ತವರಿನಲ್ಲೇ, ಅಮೆರಿಕದಲ್ಲಿ, ಕೂತು ನೋಡಿದ್ದೇನೆ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿಕೊಂಡಿದ್ದೆ. ಮೊದಲು ಒಂದು ಕೇಸರವನ್ನು ಹತ್ತಿದಳು. ಬಾಯಿಯ ಪಕ್ಕ ಇವಳಿಗೆ ಸೊಂಡಿಲಿನಂಥ ಎರಡು ಕುಡಿಗಳಿವೆ, ಬೇರೆ ಪತಂಗಗಳಿಗೆ ಅವಿಲ್ಲ. ಅವುಗಳಿಂದ ಪರಾಗವನ್ನು ಕೆರೆದು ಕೆರೆದು ಉಂಡೆ ಮಾಡಿದಳು. ಉಂಡೆಯನ್ನು ಗದ್ದದ ಕೆಳಗೆ ಅವುಚಿಕೊಂಡು ಹಾರಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಗಿಡದ ಹೂವಿನಲ್ಲಿ ಅಂಥದೇ ಉಂಡೆ ಹೊತ್ತ ಒಬ್ಬಳು ಕಂಡಳು, ಅವಳೇನೋ ಬೇರೆಯವಳೇನೋ. ಅವಳು ಅಂಡಾಶಯದ ಸುತ್ತ ಒಂದು ಸುತ್ತು ಹಾಕಿ ಪರೀಕ್ಷೆ ಮಾಡಿದಳು. ಆಮೇಲೆ ಹಿಂಬದಿಯಿಂದ ಕಂಬವನ್ನು ಚುಚ್ಚಿ ಒಳಗೆ ಮೊಟ್ಟೆ ಇಟ್ಟಳು. ಇಟ್ಟವಳು ಹಾರಿಹೋಗಲಿಲ್ಲ. ಕಂಬದ ತುದಿಗೆ ನಡೆದುಕೊಂಡು ಹೋಗಿ, ಉಂಡೆಯಿಂದ ಚೂರು ಪರಾಗ ಕಿತ್ತು, ಗುಳಿಯೊಳಗೆ ತುರುಕಿದಳು. ತಲೆ ಮುಂದೆ ಹಿಂದೆ, ಮುಂದೆ ಹಿಂದೆ. ಸೀಸೆಗೆ ಬಿರಡೆ ಒತ್ತುವವರ ಹಾಗೆ.

ಗಮನಿಸಿ, ಇವಳು ಏನೂ ತಿನ್ನುವುದಿಲ್ಲ. ದೊಡ್ಡವಳಾದ ಮೇಲೆ ಬದುಕುವುದೇ ಕೆಲವು ದಿನ. ಮಕರಂದದ ಆಸೆಗೆ ಬಂದು, ಮೈಗೆ ಅಂಟಿದ ಪರಾಗವನ್ನು ಗೊತ್ತಿಲ್ಲದೆ ದಾಟಿಸುವ ಕೀಟಗಳೇ ಲೋಕದಲ್ಲಿ ಜಾಸ್ತಿ. ಇವಳದು ಹಾಗಲ್ಲ, ಈ ಕೆಲಸಕ್ಕೆಂದೇ ಮೈಯಲ್ಲಿ ಕೈಗಳಿವೆ. ಬೀಜ ಕಟ್ಟಿದರೆ ಮಾತ್ರ ಅವಳ ಮರಿಹುಳಕ್ಕೆ ಊಟ. ಹುಳ ಒಂದಷ್ಟು ಬೀಜ ತಿನ್ನುತ್ತದೆ, ಉಳಿದದ್ದು ಗಿಡಕ್ಕೆ.

ಇದನ್ನು ಮೊದಲು ಗುರುತಿಸಿದ್ದು 1872ರಲ್ಲಿ. ಸೇಂಟ್ ಲೂಯಿಸ್‌ನ ಸಸ್ಯತಜ್ಞ ಜಾರ್ಜ್ ಎಂಗೆಲ್‌ಮನ್‌ಗೆ ಯುಕ್ಕಾ ಹೂವಿನ ರಚನೆ ನೋಡಿ, ಇದು ತಾನಾಗಿ ಕಾಯಿ ಕಟ್ಟಲಾರದು ಎಂಬ ಗುಮಾನಿ ಬಂತು. ಹೂವಿನಲ್ಲಿ ಸಿಕ್ಕ ಪತಂಗದ ವಿಷಯವನ್ನು ಮಿಸ್ಸೌರಿಯ ಕೀಟತಜ್ಞ ಚಾರ್ಲ್ಸ್ ರೈಲಿಗೆ ಒಪ್ಪಿಸಿದರು. ರೈಲಿ ಅದಕ್ಕೆ ಹೆಸರಿಟ್ಟು, ಅದರ ಬದುಕನ್ನು ಬಿಡಿಸಿ ಬರೆದರು. 1874ರಲ್ಲಿ ಚಾರ್ಲ್ಸ್ ಡಾರ್ವಿನ್ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ, ಪರಾಗಸ್ಪರ್ಶದ ಬಗ್ಗೆ ಈವರೆಗೆ ಪ್ರಕಟವಾದವುಗಳಲ್ಲಿ ಇದಕ್ಕಿಂತ ಅದ್ಭುತವಾದದ್ದಿಲ್ಲ ಎಂಬರ್ಥದ ಮಾತು ಹೇಳಿದರು. ನಾಲ್ಕು ವರ್ಷ ಪರದಾಡಿದ ನಾನು ಇದನ್ನು ಮೊದಲೇ ಓದಿದ್ದರೆ ಚೆನ್ನಾಗಿತ್ತು.

ಮೊದಲ ಪರೀಕ್ಷೆ: ಹೂವಿನೊಳಗೆ ಯಾರಿದ್ದಾರೆ?

ಬೇಕಾಗುವುದು ಒಂದು ಟಾರ್ಚ್, ಒಂದು ಭೂತಗನ್ನಡಿ. ಹೂವು ಚೆನ್ನಾಗಿ ಬಿರಿದು ಘಮ ಬರುವುದು ಮುಸ್ಸಂಜೆಯ ಮೇಲೆ. ಕತ್ತಲಾಗಿ ಅರ್ಧ ಗಂಟೆ ಬಿಟ್ಟು ಹೋಗಿ. ಬಿಳಿ ಬೆಳಕನ್ನು ನೇರವಾಗಿ ಬಿಟ್ಟರೆ ಪತಂಗ ಕೆಲಸ ನಿಲ್ಲಿಸಿ ಎದ್ದುಬಿಡುತ್ತದೆ, ಅದಕ್ಕೇ ಕೆಂಪು ಕಾಗದ.

ರಾತ್ರಿ ಆಗದಿದ್ದರೆ ಹಗಲಿನಲ್ಲೂ ನೋಡಬಹುದು. ಹಗಲು ಪತಂಗ ಹೂವಿನೊಳಗೇ ಎಸಳಿಗೆ ಅಂಟಿಕೊಂಡು ಮಲಗಿರುತ್ತದೆ. ಬಣ್ಣ ಒಂದೇ ಆದ್ದರಿಂದ ಥಟ್ಟನೆ ಕಾಣುವುದಿಲ್ಲ. ಹೂವನ್ನು ಮೆಲ್ಲಗೆ ಮೇಲಕ್ಕೆತ್ತಿ ಒಳಗೆ ಇಣುಕಿ. ಹತ್ತು ಹೂವಿನಲ್ಲಿ ಸಿಗದಿದ್ದರೆ ಐವತ್ತರಲ್ಲಿ ನೋಡಿ. ಹೂವಿನ ಕಾಲದಲ್ಲಿ ನಾಲ್ಕೈದು ದಿನ ಬೇರೆ ಬೇರೆ ಹೊತ್ತಿನಲ್ಲಿ ನೋಡಿಯೂ ಒಂದೂ ಕಾಣಲಿಲ್ಲ ಅಂದರೆ, ಇಲ್ಲ ಅಂತಲೇ ಲೆಕ್ಕ.

ಇಲ್ಲೊಂದು ಮೋಸ ಇದೆ. ಬಿಳಿ ಪತಂಗ ಕಂಡ ಕೂಡಲೇ ಕುಣಿಯಬೇಡಿ. ಇದೇ ಕುಟುಂಬದ ಪ್ರೊಡಾಕ್ಸಸ್ ಎಂಬ ಪತಂಗಗಳೂ ಯುಕ್ಕಾ ಮೇಲೇ ಬದುಕುತ್ತವೆ. ನೋಡುವುದಕ್ಕೂ ಸುಮಾರಾಗಿ ಹಾಗೇ ಇವೆ. ಆದರೆ ಪರಾಗ ಮುಟ್ಟುವುದಿಲ್ಲ. ಅವುಗಳಲ್ಲಿ ಹಲವು ಹೂದಂಟಿನೊಳಗೆ ಮೊಟ್ಟೆ ಇಡುತ್ತವೆ, ಮರಿ ದಂಟಿನ ತಿರುಳು ತಿಂದು ಬೆಳೆಯುತ್ತದೆ. ಕೆಲಸ ಮಾಡದೆ ಊಟಕ್ಕೆ ಬರುವ ನೆಂಟರು. ಗುರುತು ಒಂದೇ: ಗದ್ದದ ಕೆಳಗೆ ಹಳದಿ ಉಂಡೆ ಇದೆಯಾ? ಇದ್ದರೆ ಅದು ಅಸಲಿ, ಅದೂ ಹೆಣ್ಣು. ಗಂಡಿಗೆ ಉಂಡೆ ಇರುವುದಿಲ್ಲ. ಹಾಗಾಗಿ ಒಂದೇ ಒಂದು ಪತಂಗ ನೋಡಿ ತೀರ್ಮಾನಕ್ಕೆ ಬರಬೇಡಿ.

ಎರಡನೇ ಪರೀಕ್ಷೆ: ಉದುರಿದ ಹೂವು

ನನಗೆ ಇದು ಎಲ್ಲಕ್ಕಿಂತ ಇಷ್ಟ. ರಾತ್ರಿ ಕಾಯಬೇಕಾಗಿಲ್ಲ, ಬೆಳಿಗ್ಗೆ ಬುಡದಲ್ಲಿ ಬಿದ್ದಿರುವುದನ್ನು ಆರಿಸಿಕೊಂಡು ಬಂದರೆ ಸಾಕು. ಇಪ್ಪತ್ತು ಹೂವಾದರೂ ಇರಲಿ.

ಮೊದಲು ತುದಿಯ ಗುಳಿಯನ್ನು ಭೂತಗನ್ನಡಿಯಲ್ಲಿ ನೋಡಿ. ಹಳದಿ ಮುದ್ದೆ ತುಂಬಿಕೊಂಡಿದೆಯಾ, ಖಾಲಿಯಿದೆಯಾ? ಆಮೇಲೆ ಕೇಸರದ ತುದಿ ನೋಡಿ. ಪರಾಗ ಹಾಗೇ ಇದೆಯಾ, ಯಾರೋ ಕೆರೆದಿದ್ದಾರಾ? ಕಡೆಗೆ ಅಂಡಾಶಯದ ಮೈ ನೋಡಿ. ಸೂಜಿ ಚುಚ್ಚಿದ ಹಾಗೆ ಸಣ್ಣ ಗಾಯದ ಗುರುತು ಇದ್ದರೆ ಯಾರೋ ಮೊಟ್ಟೆ ಇಟ್ಟಿದ್ದಾರೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಬೀಜವಾಗಬೇಕಾದ ಬಿಳಿ ಕಾಳುಗಳು ನಾಣ್ಯ ಜೋಡಿಸಿದ ಹಾಗೆ ಸಾಲಾಗಿರುತ್ತವೆ, ಒಟ್ಟು ಆರು ಸಾಲು. ಗಾಯದ ಹತ್ತಿರ ಕೂದಲೆಳೆಯಂಥ ಬಿಳಿ ಮೊಟ್ಟೆ ಸಿಕ್ಕರೂ ಸಿಗಬಹುದು. ನನಗೆ ಸಿಕ್ಕಿದ್ದು ಹತ್ತಕ್ಕೆ ಒಂದು ಸಲ, ಕಣ್ಣು ನೋಯಿಸಿಕೊಂಡು.

ಗುಳಿ ಖಾಲಿ, ಗಾಯ ಇಲ್ಲ, ಕೇಸರದ ಪರಾಗ ಕೆರೆದ ಗುರುತೂ ಇಲ್ಲ. ಹಾಗಾದರೆ ಪತಂಗವೇ ಬಂದಿಲ್ಲ. ಗುಳಿ ಖಾಲಿ, ಆದರೆ ಪರಾಗ ಮಾತ್ರ ಹೋಗಿದೆ. ಅದು ಹೆಚ್ಚಾಗಿ ಜೇನಿನ ಕೆಲಸ. ಗುಳಿ ತುಂಬಿದೆ, ಗಾಯವೂ ಇದೆ, ಆದರೂ ಹೂವು ಉದುರಿದೆ. ಅದು ಪೂರಾ ಬೇರೆ ಕಥೆ, ಅಲ್ಲಿ ಗಿಡವೇ ಬೇಡ ಅಂದಿದೆ.

ಪತಂಗವೇ ಇಲ್ಲದಿದ್ದರೆ

ಯುಕ್ಕಾ ಲೋಕವೆಲ್ಲ ಸುತ್ತಿದೆ, ಪತಂಗ ಜೊತೆಗೆ ಬರಲಿಲ್ಲ. ಕಾರಣ ಸುಲಭ. ಗಿಡ ಹೋದದ್ದು ಬೇರಿನ ತುಂಡಾಗಿ, ಮರಿಗಿಡವಾಗಿ, ತೊಳೆದ ಬೀಜವಾಗಿ. ಪತಂಗ ಇರುವುದು ಗಿಡದ ಕೆಳಗಿನ ಮಣ್ಣಿನಲ್ಲಿ, ರೇಷ್ಮೆ ಗೂಡಿನೊಳಗೆ. ಆದ್ದರಿಂದ ಅಮೆರಿಕದಿಂದ ಆಚೆ ಬೆಳೆಸುವವರಿಗೆ ಕಾಯಿ ಇಲ್ಲದಿರುವುದು ರೋಗವಲ್ಲ, ಇರಬೇಕಾದ ಸ್ಥಿತಿಯೇ ಅದು. ತವರಿನಲ್ಲೂ ಕಾಡುಗಿಡಗಳಿಂದ ದೂರ, ಹೊಸ ಬಡಾವಣೆಯ ಮಧ್ಯೆ ಒಂಟಿಯಾಗಿ ನೆಟ್ಟ ಗಿಡಕ್ಕೆ ಇದೇ ಪಾಡಾಗಬಹುದು.

ಪತಂಗವನ್ನು ತರಿಸಿಕೊಳ್ಳೋಣವೇ ಎಂದು ಕೇಳುವವರಿದ್ದಾರೆ. ಬೇಡ. ಹೊರದೇಶದ ಕೀಟವನ್ನು ತಂದು ಬಿಡುವುದು ಎಲ್ಲೂ ಆಟದ ಮಾತಲ್ಲ, ಮತ್ತು ನಿಮಗೆ ಬೇಕಿರುವುದು ನಾಲ್ಕು ಕಾಯಿ. ಅವಳ ಕೆಲಸವನ್ನು ನೀವೇ ಮಾಡಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಟಲಿಯ ನೇಪಲ್ಸ್‌ನಲ್ಲಿ ಕಾರ್ಲ್ ಸ್ಪ್ರೆಂಗರ್ ಎಂಬ ತೋಟಗಾರ ಕೈಯಿಂದಲೇ ಪರಾಗ ಹಾಕಿ ಯುಕ್ಕಾ ಮಿಶ್ರತಳಿಗಳನ್ನು ಸಾಲುಸಾಲಾಗಿ ಎಬ್ಬಿಸಿದ್ದರು. ಯುರೋಪಿನಲ್ಲಿ ಆಗಲೂ ಪತಂಗ ಇರಲಿಲ್ಲ.

ನನ್ನ ಮೊದಲ ಪ್ರಯತ್ನ ಮಣ್ಣುಪಾಲಾಯಿತು. ಬಣ್ಣದ ಬ್ರಷ್ ತಗೊಂಡೆ. ಬೇರೆ ಹೂವುಗಳಿಗೆ ಮಾಡುವ ಹಾಗೆ ಕೇಸರಕ್ಕೆ ಸವರಿ ತುದಿಗೆ ಸವರಿದೆ. ಮೂವತ್ತು ಹೂವಿಗೆ ಮಾಡಿದೆ, ಮೂವತ್ತೂ ಉದುರಿದವು. ಉದುರಿದ್ದನ್ನು ಕನ್ನಡಿಯಲ್ಲಿ ನೋಡಿದಾಗ ಗೊತ್ತಾಯಿತು. ಪರಾಗ ಏಣುಗಳ ಹೊರಗೆ ಮೆತ್ತಿತ್ತು, ಗುಳಿಯೊಳಗೆ ಒಂದು ಕಣವೂ ಇಲ್ಲ. ಬ್ರಷ್ಷಿನ ಕೂದಲಿಗೆ ತುರುಕುವ ಶಕ್ತಿ ಎಲ್ಲಿಂದ ಬರಬೇಕು?

ಆಮೇಲೆ ಹಲ್ಲುಕಡ್ಡಿ ಹಿಡಿದೆ. ತುದಿಯ ಮೊನೆಯನ್ನು ಚೂರು ಮುರಿದು ಮೊಂಡು ಮಾಡಿಕೊಳ್ಳಿ, ಇಲ್ಲದಿದ್ದರೆ ಒಳಗೆ ಗಾಯವಾಗುತ್ತದೆ. ಚೂಪು ಚಿಮಟವೂ ಆಗುತ್ತದೆ. ಆ ದಿನ ಸಂಜೆ ಹೊಸದಾಗಿ ಅರಳಿದ ಹೂವನ್ನೇ ಆರಿಸಿ. ಮೊದಲ ರಾತ್ರಿಯ ಹೂವು ಚೆನ್ನಾಗಿ ಹಿಡಿಯುತ್ತದೆ, ಬಾಡಲು ಶುರುವಾದದ್ದು ಹಿಡಿಯುವುದಿಲ್ಲ. ಒಂದು ಗಿಡದ ಐದಾರು ಕೇಸರಗಳ ಪರಾಗವನ್ನು ಕಡ್ಡಿ ತುದಿಗೆ ಸುತ್ತಿಕೊಳ್ಳಿ. ಅಂಟಿರುವುದರಿಂದ ತಾನೇ ಉಂಡೆಯಾಗುತ್ತದೆ. ಇನ್ನೊಂದು ಗಿಡದ ಹೂವನ್ನು ಎಡಗೈಯಲ್ಲಿ ಮೆಲ್ಲಗೆ ಮೇಲಕ್ಕೆ ತಿರುಗಿಸಿ, ಗುಳಿಯೊಳಗೆ ಉಂಡೆ ಇಟ್ಟು ಎರಡು ಮೂರು ಸಲ ಒತ್ತಿ. ಪರಾಗ ಒಳಗೆ ಇಳಿದು ಹೊರಗಿನಿಂದ ಬರೀ ಹಳದಿ ಚುಕ್ಕೆಯಾಗಿ ಕಾಣಬೇಕು. ಆ ಹೂವಿನ ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಯಾವುದಕ್ಕೆ ಮಾಡಿದೆ, ಯಾವುದಕ್ಕೆ ಬಿಟ್ಟೆ ಎಂದು ಬೆಳಿಗ್ಗೆ ನೆನಪಿರುವುದಿಲ್ಲ, ನಂಬಿ.

"ಇನ್ನೊಂದು ಗಿಡ" ಅಂದಿದ್ದನ್ನು ಸುಮ್ನೆ ಹಾರಿಸಿಕೊಂಡು ಹೋಗಬೇಡಿ. ಒಂದೇ ಗಿಡದ ಪರಾಗವನ್ನು ಅದಕ್ಕೇ ಹಾಕಿದರೆ ಕೆಲವೊಮ್ಮೆ ಹೀಚಾಗುತ್ತದೆ, ಆದರೆ ಗಿಡ ಅಂಥವನ್ನು ಬೇಗ ಕೈಬಿಡುತ್ತದೆ. ಬುಡದಲ್ಲಿ ಎದ್ದ ಮರಿಗಿಡವೂ ಇನ್ನೊಂದು ಗಿಡ ಅಲ್ಲ, ಅದು ತಾಯಿಯ ತುಂಡು. ನರ್ಸರಿಯಿಂದ ಒಂದೇ ತಳಿಯ ಎರಡು ಕುಂಡ ತಂದರೂ ಅದೇ ಕಥೆ, ಏಕೆಂದರೆ ಹೆಸರಿರುವ ತಳಿಗಳನ್ನು ತುಂಡು ಮಾಡಿಯೇ ಬೆಳೆಸುತ್ತಾರೆ. ಬೀಜದಿಂದ ಬಂದ ಬೇರೆ ಗಿಡ ಅಥವಾ ಬೇರೆ ತಳಿ ಬೇಕು. ನಾನು ಎರಡು ವರ್ಷ ತಾಯಿಗೂ ಮರಿಗೂ ಮದುವೆ ಮಾಡಿಸುತ್ತಾ ಕೂತಿದ್ದೆ.

ಹಿಡಿದಿದೆಯಾ ಎಂದು ತಿಳಿಯಲು ವಾರ ಸಾಕು. ಹಿಡಿಯದ ಹೂವು ಅಷ್ಟರಲ್ಲಿ ನೆಲ ಸೇರಿರುತ್ತದೆ. ಹಿಡಿದದ್ದರ ಎಸಳು ಒಣಗಿ ಮುದುರುತ್ತದೆ, ಅಂಡಾಶಯ ಹಸಿರಾಗಿ ಊದುತ್ತದೆ. ಫಿಲಮೆಂಟೋಸಾದಲ್ಲಿ ಇನ್ನೊಂದು ಚೆಂದದ ಗುರುತಿದೆ. ಇಷ್ಟು ದಿನ ತಲೆ ತಗ್ಗಿಸಿ ತೂಗುತ್ತಿದ್ದದ್ದು ಮೆಲ್ಲಗೆ ಬಾಗಿ ತಲೆ ಎತ್ತಿ ನಿಲ್ಲುತ್ತದೆ. ದಾರ ಕಟ್ಟಿದ ಒಂದು ತೊಟ್ಟು ಹಾಗೆ ಮೇಲ್ಮುಖವಾದದ್ದನ್ನು ಕಂಡ ಬೆಳಿಗ್ಗೆ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಅಂಥ ಉತ್ಸಾಹ ಬರಲಿಲ್ಲ.

ಪತಂಗ ಇದೆ, ಆದರೂ ಕಾಯಿ ಕಮ್ಮಿ

ಮೊದಲು ಎಣಿಸಿ. ದಂಟಿನಲ್ಲಿ ನೂರಾರು ಹೂವಿದ್ದು ಹತ್ತಾರು ಕಾಯಿ ಕಟ್ಟಿದ್ದರೆ ಅದು ದೋಷವಲ್ಲ. ಅಷ್ಟು ಹೂವಿಗೆಲ್ಲ ಕಾಯಿ ಸಾಕುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ತವರಿನ ಕಾಡಿನಲ್ಲೂ ಹೂವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಉದುರುವುದು ಮಾಮೂಲು.

ಯಾವುದನ್ನು ಉದುರಿಸುತ್ತದೆ ಎಂಬುದು ಸ್ವಾರಸ್ಯ. ಓಲೆ ಪೆಲ್ಮಿರ್ ಮತ್ತು ಚಾಡ್ ಹತ್ ಎಂಬ ವಿಜ್ಞಾನಿಗಳು 1994ರಲ್ಲಿ ತೋರಿಸಿದ್ದು ಇದನ್ನೇ. ಮೊಟ್ಟೆ ಜಾಸ್ತಿ ಇಟ್ಟ, ಪರಾಗ ಕಮ್ಮಿ ಹಾಕಿದ ಹೂವನ್ನು ಯುಕ್ಕಾ ಹುಡುಕಿ ಬೀಳಿಸುತ್ತದೆ. ಹೂವಿನ ಜೊತೆ ಅದರೊಳಗಿನ ಮೊಟ್ಟೆಗಳೂ ಹೋದವು. ಪತಂಗ ದುರಾಸೆ ಪಟ್ಟರೆ ಅವಳ ಸಂತಾನಕ್ಕೇ ಏಟು. ಪತಂಗವೂ ದಡ್ಡಿಯಲ್ಲ. ಮೊಟ್ಟೆ ಇಟ್ಟ ಹೂವಿನ ಮೇಲೆ ತನ್ನ ವಾಸನೆ ಬಿಟ್ಟು ಹೋಗುತ್ತಾಳೆ. ಆಮೇಲೆ ಬಂದವಳಿಗೆ ಅದು ತಿಳಿಯುತ್ತದೆ, ಕಮ್ಮಿ ಇಡುತ್ತಾಳೆ ಅಥವಾ ಬೇರೆ ಹೂವು ನೋಡಿಕೊಳ್ಳುತ್ತಾಳೆ. ಹಾಗಾಗಿ ಎರಡನೇ ಪರೀಕ್ಷೆಯಲ್ಲಿ ಗುಳಿ ತುಂಬಿ, ಮೈತುಂಬ ಗಾಯಗಳಿದ್ದ ಹೂವುಗಳೇ ಹೆಚ್ಚು ಸಿಕ್ಕರೆ, ಹೂವು ಕಮ್ಮಿ, ಪತಂಗ ಜಾಸ್ತಿ ಎಂದು ಓದಿಕೊಳ್ಳಿ. ನೀವು ಮಾಡುವಂಥದ್ದು ಏನಿಲ್ಲ. ಮುಂದಿನ ವರ್ಷ ದಂಟು ಜಾಸ್ತಿ ಬಂದರೆ ಸರಿಹೋಗುತ್ತದೆ.

ಮಾಡುವಂಥದ್ದು ಇರುವುದು ಬೇರೆ ಕಡೆ. ಮೊದಲಿದ್ದ ಪತಂಗ ಈಗ ಇಲ್ಲ ಅಂತಾದರೆ ನಿಮ್ಮ ಕೈಯನ್ನೇ ಅನುಮಾನಿಸಿ.

ಯುಕ್ಕಾ ದಂಟಿಗೆ ಹೇನು ಹತ್ತುವುದು ಸಾಮಾನ್ಯ. ಕಪ್ಪಗೆ ಮುತ್ತಿಕೊಂಡಿರುತ್ತವೆ, ಸಿಹಿ ಅಂಟಿಗೆ ಇರುವೆಗಳ ಸಾಲು ಬೇರೆ. ನೋಡಿದವರು ತಕ್ಷಣ ಕೀಟನಾಶಕ ಹೊಡೆಯುತ್ತಾರೆ, ಅದೂ ಹೂವು ಅರಳಿದ ವಾರವೇ. ಹೇನು ಸಾಯುತ್ತದೆ, ಹೂವಿನೊಳಗೆ ಮಲಗಿದ್ದ ಪತಂಗವೂ ಸಾಯುತ್ತದೆ. ಹೇನನ್ನು ನೀರಿನ ರಭಸಕ್ಕೆ ತೊಳೆದರೆ ಸಾಕು, ಅದೂ ಮೊಗ್ಗಿನ ಹಂತದಲ್ಲಿ. ಅರಳಿದ ಮೇಲೆ ಏನನ್ನೂ ಹೊಡೆಯಬೇಡಿ.

ಇನ್ನೊಂದು ಮಣ್ಣಿನ ವಿಚಾರ. ಬೇಸಗೆ ಮುಗಿಯುವ ಹೊತ್ತಿಗೆ ಹುಳ ಕಾಯಿಯಿಂದ ತೂತು ಕೊರೆದು ಹೊರಬಂದು ನೆಲಕ್ಕೆ ಇಳಿಯುತ್ತದೆ. ಮಣ್ಣಿನೊಳಗೆ ಗೂಡು ಕಟ್ಟಿಕೊಂಡು ಚಳಿಗಾಲ ಕಳೆಯುತ್ತದೆ. ಗಿಡದ ಸುತ್ತ ಪ್ಲಾಸ್ಟಿಕ್ ಹಾಸಿ ಜಲ್ಲಿ ಸುರಿದರೆ ಹುಳ ಎಲ್ಲಿಗೆ ಹೋಗಬೇಕು? ಪ್ರತಿ ವರ್ಷ ಬುಡ ಅಗೆದು ಮಗುಚಿದರೂ ಅಷ್ಟೇ. ಕಾಯಿ ಹಸಿರಿರುವಾಗಲೇ ದಂಟು ಕಡಿದು ಕಸಕ್ಕೆ ಹಾಕಿದರೆ ಮುಂದಿನ ವರ್ಷದ ಪತಂಗಗಳನ್ನೇ ಕಸಕ್ಕೆ ಹಾಕಿದ ಹಾಗೆ. ಅಚ್ಚುಕಟ್ಟಾದ ತೋಟಗಳಲ್ಲೇ ಈ ದೋಷ ಜಾಸ್ತಿ ಎಂಬುದು ನನ್ನ ಅನುಭವ.

ಒಂದು ವರ್ಷ ಪತಂಗ ಕಾಣಲಿಲ್ಲ ಎಂದು ಕೈಬಿಡಬೇಕಾಗಿಲ್ಲ. ಎಲ್ಲ ಹುಳಗಳೂ ಮರುವರ್ಷವೇ ಏಳುವುದಿಲ್ಲ, ಕೆಲವು ಇನ್ನೂ ಒಂದೆರಡು ವರ್ಷ ಮಲಗಿರುತ್ತವೆ. ನಿದ್ದೆಯ ವಿಷಯದಲ್ಲಿ ಈ ಕುಟುಂಬದವರನ್ನು ಮೀರಿಸುವವರಿಲ್ಲ. ಆಗ ಹೇಳಿದೆನಲ್ಲ, ಊಟಕ್ಕೆ ಬರುವ ನೆಂಟ ಪ್ರೊಡಾಕ್ಸಸ್, ಅದರ ಒಂದು ಜಾತಿಯ ಹುಳಗಳು ಪ್ರಯೋಗಾಲಯದಲ್ಲಿ 30 ವರ್ಷ ಮಲಗಿದ್ದು ಆಮೇಲೆ ಪತಂಗವಾಗಿ ಎದ್ದದ್ದು ದಾಖಲಾಗಿದೆ.

ಕಾಲ ತಪ್ಪಿದರೂ ಕಾಯಿ ತಪ್ಪುತ್ತದೆ. ಪತಂಗ ಹೊರಬರುವುದು ಕೆಲವೇ ವಾರ. ಗಿಡ ಅದಕ್ಕಿಂತ ಮೊದಲೋ ಆಮೇಲೋ ಹೂ ಬಿಟ್ಟರೆ ಇಬ್ಬರೂ ಭೇಟಿಯಾಗುವುದೇ ಇಲ್ಲ. ಇದಕ್ಕೆ ಹಲ್ಲುಕಡ್ಡಿ ಬಿಟ್ಟರೆ ಬೇರೆ ಮದ್ದಿಲ್ಲ.

ನಿಮ್ಮದು ಯಾವ ಯುಕ್ಕಾ?

ಇದನ್ನು ಮೊದಲೇ ಕೇಳಬೇಕಿತ್ತೇನೋ. ಯುಕ್ಕಾ ಗ್ಲೋರಿಯೋಸಾ ಇದ್ದರೆ ಬೇಸರ ಬೇಡ. ಅದು ಹಲವು ಸಲ ಶರತ್ಕಾಲದಲ್ಲಿ, ಪತಂಗದ ಕಾಲ ಮುಗಿದ ಮೇಲೆ ಹೂ ಬಿಡುತ್ತದೆ. ತವರಿನಲ್ಲೇ ಅದರ ಕಾಯಿ ಅಪರೂಪ. ಯುಕ್ಕಾ ಅಲೋಯಿಫೋಲಿಯಾ ತದ್ವಿರುದ್ಧ. ಯಾವ ಪತಂಗವೂ ಇಲ್ಲದ ಕಡೆಯಲ್ಲೂ ಕಾಯಿ ಕಟ್ಟಿ ಈ ಬರಹವನ್ನೆಲ್ಲ ಸುಳ್ಳು ಮಾಡುತ್ತದೆ, ಅದಕ್ಕೆ ಜೇನುಹುಳುವೂ ಆಗುತ್ತದೆ. ಪಕ್ಕದವರ ಯುಕ್ಕಾದಲ್ಲಿ ಕಾಯಿದೆ, ನನ್ನದರಲ್ಲಿ ಏಕಿಲ್ಲ ಎಂದು ಕೊರಗುವ ಮುಂಚೆ ಅವರದು ಅಲೋಯಿಫೋಲಿಯಾವಾ ನೋಡಿ. ಎಲೆಯ ತುದಿ ಸೂಜಿಯ ಹಾಗೆ ಚುಚ್ಚಿದರೆ, ಎಲೆಯ ಅಂಚಿನಲ್ಲಿ ದಾರ ಇಲ್ಲದಿದ್ದರೆ, ಗಿಡ ಕಾಂಡ ಬಿಟ್ಟು ಎತ್ತರಕ್ಕೆ ಹೋಗಿದ್ದರೆ ಅದೇ ಇರಬಹುದು. ಮನೆಯೊಳಗೆ ಕುಂಡದಲ್ಲಿ ಇಡುವ ದಪ್ಪ ಕಾಂಡದ ಯುಕ್ಕಾ ಹೂ ಬಿಡುವುದೇ ಅಪರೂಪ, ಅದರ ಕಾಯಿಯ ಚಿಂತೆ ಬಿಡಿ.

ಎಲ್ಲ ಯುಕ್ಕಾಕ್ಕೂ ಒಂದೇ ಪತಂಗ ಅಲ್ಲ ಎಂಬುದೂ ನೆನಪಿರಲಿ. ಬಹಳ ಕಾಲ ಯುಕ್ಕಾಸೆಲ್ಲಾ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದುದನ್ನು 1999ರಲ್ಲಿ ಪೆಲ್ಮಿರ್ ಹಲವು ಜಾತಿಗಳಾಗಿ ಬಿಡಿಸಿದರು. ಅವುಗಳಲ್ಲಿ ಎರಡು ಪಕ್ಕಾ ಕಳ್ಳರು, ಇಂಟರ್ಮೀಡಿಯಾ ಮತ್ತು ಕರಪ್ಟ್ರಿಕ್ಸ್. ಬೇರೆಯವಳು ಪರಾಗ ಹಾಕಿ ಕಾಯಿಯಾದ ಮೇಲೆ ಬಂದು ಮೊಟ್ಟೆ ಇಡುತ್ತವೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಜೋಶುವಾ ಮರವೂ ಯುಕ್ಕಾವೇ. ಅದರ ಪಶ್ಚಿಮದ ಮರಗಳಿಗೆ ಸಿಂಥೆಟಿಕಾ ಎಂಬ ಪತಂಗ, ಪೂರ್ವದ ಮರಗಳಿಗೆ ಆಂಟಿಥೆಟಿಕಾ ಎಂಬ ಇನ್ನೊಂದು, ಸ್ವಲ್ಪ ಸಣ್ಣದು. ಎರಡನೆಯದಕ್ಕೆ ಬೇರೆ ಹೆಸರು ಸಿಕ್ಕಿದ್ದೇ 2003ರಲ್ಲಿ. ಎರಡೂ ಬಗೆಯ ಮರ, ಎರಡೂ ಬಗೆಯ ಪತಂಗ ಒಟ್ಟಿಗೆ ಸಿಗುವುದು ನೆವಾಡಾದ ಟಿಕಾಬೂ ಕಣಿವೆಯಲ್ಲಿ. ಆದ್ದರಿಂದ ತವರಿನ ದೇಶದಲ್ಲೇ ಇದ್ದರೂ, ದೂರದ ಪ್ರಾಂತದ ಯುಕ್ಕಾ ತಂದು ನೆಟ್ಟರೆ ಅಲ್ಲಿನ ಪತಂಗ ಅದನ್ನು ತನ್ನದು ಅಂದುಕೊಳ್ಳದೆ ಹೋಗಬಹುದು.

ಕಾಯಿ ಕಟ್ಟಿದೆ, ಆದರೆ ತೂತು

ಇದನ್ನು ದೋಷ ಎಂದು ಹೇಳಿಕೊಂಡು ಬರುವವರಿಗೆ ನಾನು ಹೇಳುವುದು: ಸಂತೋಷಪಡಿ. ಕಾಯಿಯ ಗೋಡೆಯಲ್ಲಿ ದುಂಡನೆಯ ಸಣ್ಣ ತೂತು ಅಂದರೆ ಹುಳ ಹೊರಗೆ ಹೋಗಿದೆ, ಪತಂಗ ನಿಮ್ಮಲ್ಲಿ ನೆಲೆಸಿದೆ. ಕಾಯಿಯ ನಡು ಹಿಂಡಿದ ಹಾಗೆ ಸಣ್ಣಗಾಗಿದ್ದರೆ ಅದೂ ಅವಳ ಗುರುತೇ. ಮೊಟ್ಟೆ ಇಡಲು ಚುಚ್ಚಿದ ಜಾಗದಲ್ಲಿ ಬೀಜ ಬೆಳೆಯದೆ ಕಾಯಿಗೆ ಸೊಂಟ ಬರುತ್ತದೆ. ಕಡ್ಡಿಯಲ್ಲಿ ನಾನು ಕಟ್ಟಿಸಿದ ಕಾಯಿಗಳಿಗೆ ಸೊಂಟವಿಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪ.

ಒಣಗಿದ ಒಂದು ಕಾಯಿ ಬಿಡಿಸಿ ನೋಡಿ. ಆರು ಸಾಲಿನಲ್ಲಿ ಕಪ್ಪನೆಯ ಚಪ್ಪಟೆ ಬೀಜ, ಮಧ್ಯೆ ಒಂದೋ ಎರಡೋ ಸಾಲಿನಲ್ಲಿ ಹುಳ ಕೊರೆದ ಸುರಂಗ, ಅದರ ತುಂಬ ಹಿಕ್ಕೆಯ ಪುಡಿ. ಉಳಿದದ್ದೆಲ್ಲ ಚೆನ್ನಾಗಿರುತ್ತದೆ. ಬೆಳ್ಳಗೆ, ತೆಳ್ಳಗೆ, ಕಾಗದದಂಥ ಬೀಜ ಇದ್ದರೆ ಅವು ಪರಾಗ ಸಿಗದವು, ಹುಳದ ಮೇಲೆ ತಪ್ಪು ಹೊರಿಸಬೇಡಿ. ಕಪ್ಪು ಬೀಜವೇ ಇಲ್ಲದೆ ಪೂರಾ ಪುಡಿಯೇ ತುಂಬಿದ್ದರೆ ಮಾತ್ರ ಆ ಕಳ್ಳ ಪತಂಗಗಳ ಕಡೆ ಅನುಮಾನ ತಿರುಗಿಸಿ.

ಬಿತ್ತನೆಗೆ ಬೀಜ ಬೇಕಿದ್ದರೆ ಕಾಯಿ ಗಿಡದಲ್ಲೇ ಒಣಗಿ ತುದಿಯಿಂದ ಬಿರಿಯುವವರೆಗೆ ಕಾಯಿರಿ. ತೂತಾದ ಕಾಯಿಯಿಂದಲೂ ಧಾರಾಳ ಸಿಗುತ್ತದೆ. ನಾನು ಕೈಯಿಂದ ಕಟ್ಟಿಸಿದ್ದು ಆ ವರ್ಷ ಹನ್ನೊಂದು ಕಾಯಿ. ನಲವತ್ತು ಹೂವಿಗೆ ದಾರ ಕಟ್ಟಿದ್ದೆ. ಪತಂಗ ಇನ್ನೂ ಚೆನ್ನಾಗಿ ಮಾಡುತ್ತಿದ್ದಳೇನೋ, ಆದರೆ ಮುಸ್ಸಂಜೆಯಿಂದ ಮೂರು ಗಂಟೆ ಕತ್ತು ಮೇಲೆತ್ತಿ ನಿಂತು ಕುತ್ತಿಗೆ ಹಿಡಿದುಕೊಂಡಿದ್ದು ನನ್ನದು.